ಹೊಸ ಪಟ್ಟಿಯಲ್ಲಿ ನನ್ನ ಹೆಸರು

ಕಂಪ್ಯೂಟರ್ ಮುಂದೆ ದುಡಿಯೋರಿಗೆ ನಗು ಬರೋದು ಕಂಪ್ಯೂಟರಿಂದಲ್ಲ, ಅದರ ಮುಂದೆ ಬಂದು ನಿಲ್ಲೋರಿಂದ. ತಿಪಟೂರಿನ ಒಂದು ಕೊಬ್ಬರಿ ಸೊಸೈಟಿಯಲ್ಲಿ ಆರು ವರ್ಷ ಹಂಗಾಮಿ ಆಪರೇಟರ್ ಆಗಿದ್ದ ನನಗೆ ಇಂಥದ್ದು ವಾರಕ್ಕೊಂದಾದರೂ ಆಗ್ತಾನೇ ಇತ್ತು.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷ ಆಗಿತ್ತು. ತೂಕಕ್ಕೊಂದು, ಗೋಡೌನಿಗೊಂದು, ಸದಸ್ಯರ ಪುಸ್ತಕಕ್ಕೊಂದು ಅಂತ ಮೂರು ಪ್ರೋಗ್ರಾಮ್ ಇದ್ದವು. ಹೊಸಬರು ಸೇರಿದರೆ ಮೂರಕ್ಕೂ ನಾನೇ ಬೇರೆ ಬೇರೆಯಾಗಿ ಹೆಸರು ಹತ್ತಿಸಬೇಕು. ಕೆಲಸ ಬಿಟ್ಟವರ ಹೆಸರು ತೆಗೆಯೋದು ನೆನಪಾದರೆ ಉಂಟು, ಇಲ್ಲದಿದ್ದರೆ ಇಲ್ಲ. ಆಮೇಲೆ ಹೊಸ ವ್ಯವಸ್ಥೆ ಬಂತು. ನೌಕರರ ಪಟ್ಟಿಯಲ್ಲಿ ಒಂದು ಸಲ ಹೆಸರು ಬಿದ್ದರೆ ಮೂರೂ ತಾನಾಗೇ ತೆರೆಯುತ್ತೆ, ನಿವೃತ್ತಿಯಾದ ದಿನ ತಾನಾಗೇ ಮುಚ್ಚುತ್ತೆ. ಎಲ್ಲರನ್ನೂ ಹಳೇದರಿಂದ ಹೊಸದಕ್ಕೆ ದಾಟಿಸೋ ಕೆಲಸ ನನ್ನ ತಲೆಗೆ ಬಂತು.

ನನ್ನನ್ನ ಕಾಯಂ ಮಾಡೋಕೆ ಆಡಳಿತ ಮಂಡಳಿ ಒಪ್ಪಿ ವರ್ಷವಾಗಿತ್ತು. ಬಾಕಿ ಇದ್ದದ್ದು ಕಾರ್ಯದರ್ಶಿಗಳ ಒಪ್ಪಿಗೆ ಒಂದೇ. ಆ ಕಾಗದ ಅವರ ಮೇಜಿನ ಗಾಜಿನಡಿ ಮಲಗಿತ್ತು. ಕೇಳಿದಾಗಲೆಲ್ಲ "ನೋಡೋಣಮ್ಮಾ" ಅನ್ನೋರು. ಸಿಟ್ಟಿಗೆ ಅವತ್ತೆಲ್ಲ ಆಫೀಸಿನ ಟೀ ಮುಟ್ಟುತ್ತಿರಲಿಲ್ಲ ನಾನು. ಅವರಿಗೆ ಅದು ಗೊತ್ತೂ ಆಗುತ್ತಿರಲಿಲ್ಲ ಅನ್ನೋದು ಬೇರೆ ಮಾತು.

ಮಾಯಸಂದ್ರದ ಗೋಡೆ

ಹೊಸ ವ್ಯವಸ್ಥೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಪಾಸ್‌ವರ್ಡ್. ಯಾರಿಗೂ ಹೇಳಬಾರದು ಅಂತ ನಾಲ್ಕು ಸಲ ಹೇಳಿ ಬಂದಿದ್ದೆ. ಹದಿನೈದು ದಿನ ಬಿಟ್ಟು ಮಾಯಸಂದ್ರದ ಶಾಖೆಗೆ ಹೋದರೆ ಐದೂ ಜನರ ಪಾಸ್‌ವರ್ಡ್ ಗೋಡೆ ಮೇಲೆ, ಹೆಸರಿನ ಸಮೇತ, ದಪ್ಪ ಅಕ್ಷರದಲ್ಲಿ.

"ಇದೇನ್ರೀ?" ಅಂದೆ.

ಅಲ್ಲಿನ ಹಿರಿಯ ಗುಮಾಸ್ತರು ನೊಂದುಕೊಂಡರು. "ದಿನಾ ಒಟ್ಟಿಗೆ ಕೂತು ಬುತ್ತಿ ಬಿಚ್ಚೋರು ಕಣಮ್ಮ ನಾವು. ಇವರ ಹತ್ರ ಮುಚ್ಚುಮರೆ ಮಾಡಿದ್ರೆ ಏನಂದ್ಕೊಂಡಾರು?"

ಹೊರಗಿನವರು ನೋಡ್ತಾರಲ್ಲ ಅಂತ ಗದರಿದೆ. ಮುಂದಿನ ಸಲ ಹೋದಾಗ ಆ ಜಾಗದಲ್ಲಿ ದೊಡ್ಡ ದೇವರ ಪಟ ತೂಗುತ್ತಿತ್ತು. ಅಳಿಸಿದ್ದಾರೆ ಅಂತ ಖುಷಿಯಾಗಿ ಕೈ ಮುಗಿದೆ. ಆಗಲೇ ಒಬ್ಬರು ಬಂದು ಪಟಕ್ಕೆ ನಮಸ್ಕಾರ ಮಾಡಿ, ಅದನ್ನ ಮೆಲ್ಲಗೆ ಪಕ್ಕಕ್ಕೆ ಸರಿಸಿ, ಓದಿಕೊಂಡು ಹೋಗಿ ಕೀಲಿಮಣೆ ಮುಂದೆ ಕೂತರು.

ತುರುವೇಕೆರೆಯ ಕೈಗುಣ

ತುರುವೇಕೆರೆ ಶಾಖೆಯಿಂದ ಫೋನ್. "ಮೇಡಮ್, ಯಾವುದೂ ತೆರೀತಿಲ್ಲ."

ನೋಡಿದರೆ ನಾಲ್ಕು ಜನವೂ ಮೂರು ವರ್ಷದಿಂದ ಒಬ್ಬರದೇ ಹೆಸರಲ್ಲಿ ಕೆಲಸ ಮಾಡುತ್ತಿದ್ದಾರೆ. ಅವರೋ ನಿವೃತ್ತರು. ಹೊಸ ವ್ಯವಸ್ಥೆ ಅವರ ಹೆಸರನ್ನ ಮುಚ್ಚಿಬಿಟ್ಟಿದೆ.

"ನಿಮ್ಮ ನಿಮ್ಮ ಹೆಸರು ಇಟ್ಕೊಂಡು ಅವರದ್ಯಾಕ್ರೀ ಹಾಕ್ತಿದ್ರಿ?"

"ಅವರ ಕೈಗುಣ ಒಳ್ಳೇದು ಕಣ್ರೀ. ಅವರ ಹೆಸರಲ್ಲಿ ಶುರು ಮಾಡಿದ ದಿನ ತೂಕ ತಪ್ಪಿದ್ದೇ ಇಲ್ಲ."

ನಿವೃತ್ತರ ಹೆಸರು ತಾನಾಗೇ ಹೋಗುತ್ತೆ, ಇನ್ನು ಬರಲ್ಲ ಅಂತ ಬಿಡಿಸಿ ಹೇಳಿದೆ. ಆ ಕಡೆಯವರು ದನಿ ತಗ್ಗಿಸಿದರು.

"ಹೆಸರು ಹೋಯ್ತು, ಬುಡಿ. ಅವರು ಈಗಲೂ ದಿನಾ ಹತ್ತು ಗಂಟೆಗೆ ಪೇಪರ್ ಓದೋಕೆ ಬಂದು ನನ್ನ ಕುರ್ಚೀಲಿ ಕೂರ್ತಾರೆ. ಅದಕ್ಕೇನಾದ್ರೂ ನಿಮ್ಮ ಮಿಷಿನ್ನಲ್ಲಿ ದಾರಿ ಐತಾ?"

ಹರಾಜಿನ ದಿನ

ಹೊಸ ಪಟ್ಟಿ ಮಾಡುವಾಗ, ವ್ಯವಸ್ಥೆ ಕೂರಿಸೋಕೆ ಕಂಪನಿಯಿಂದ ಬಂದಿದ್ದ ಇಂಜಿನಿಯರು ಕೆಲಸದ ಬಗೆ ಅನ್ನೋ ಕಡೆ 'ಕಾಯಂ', 'ಹಂಗಾಮಿ' ಅಂತ ಎರಡು ಇಟ್ಟಿದ್ದರು. ನಮ್ಮ ಕಾರ್ಯದರ್ಶಿಗಳು 'ಹಂಗಾಮಿ' ತೆಗೆಸಿ ಹಾಕಿದರು. "ಹೆಸರು ಹತ್ತಿಸಿದ್ರೆ ನಾಳೆ ಹಕ್ಕು ಕೇಳ್ತಾರೆ."

"ಹಾಗಾದ್ರೆ ನನ್ನದು ಹೇಗೆ ಸಾರ್?" ಅಂದೆ.

"ಆಮೇಲೆ ನೋಡೋಣಮ್ಮಾ."

ಇಂಜಿನಿಯರು ತಮ್ಮದೇ ಹೆಸರಲ್ಲಿ ನನ್ನನ್ನ ಒಳಗೆ ಬಿಟ್ಟಿದ್ದರು. ಹಾಗೇ ಕೂತು ಮೊದಲು ಶಾಖೆಯವರನ್ನ, ಕೊನೆಗೆ ನಮ್ಮ ಆಫೀಸಿನವರನ್ನ, ಒಬ್ಬೊಬ್ಬರನ್ನಾಗಿ ಎಲ್ಲರನ್ನೂ ದಾಟಿಸಿದೆ. ಕೆಲಸ ಮುಗಿದ ಸಂಜೆ ಇಂಜಿನಿಯರು ಹಳೇದನ್ನ ಮುಚ್ಚಿದರು. ತಮ್ಮ ಹೆಸರನ್ನೂ ಮುಚ್ಚಿಕೊಂಡು ಹೋದರು.

ಮರುದಿನವೇ ಹರಾಜು. ಬೆಳಿಗ್ಗೆ ಎಂಟಕ್ಕೆ ಕೊಬ್ಬರಿ ಚೀಲ ಹೊತ್ತ ಟೆಂಪೋಗಳು ಗೇಟಿನಾಚೆವರೆಗೂ ನಿಂತಿದ್ದವು. ತೂಕದ ಗುಮಾಸ್ತರು ಗಾಬರಿಯಲ್ಲಿ ಮೂರು ಸಲ ಪಾಸ್‌ವರ್ಡ್ ತಪ್ಪು ಹೊಡೆದರು. ತೂಕದ ಪ್ರೋಗ್ರಾಮ್ ಬೀಗ ಹಾಕಿಕೊಂಡಿತು. ಅದನ್ನ ತೆಗೆಯೋಕೆ ಆಪರೇಟರ್ ಹೆಸರೇ ಬೇಕು.

ಕಾರ್ಯದರ್ಶಿಗಳು ಓಡಿ ಬಂದರು. "ತೆಗಿಯಮ್ಮಾ ಬೇಗ."

"ನಾನು ತೆಗೆಯೋಕಾಗಲ್ಲ ಸಾರ್. ನಾನು ಪಟ್ಟಿಯಲ್ಲೇ ಇಲ್ಲ."

"ಸೇರಿಸ್ಕೋ."

"ಪಟ್ಟಿಗೆ ಸೇರಿಸೋದು ನಿಮ್ಮೊಬ್ಬರ ಕೈಯಲ್ಲೇ ಆಗೋದು."

ತಮ್ಮ ಕುರ್ಚಿಯಲ್ಲಿ ಕೂತು ನನ್ನ ಹೆಸರು ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಕೆಲಸದ ಬಗೆಗೆ ಬಂದು ಕೈ ನಿಂತಿತು. ಅಲ್ಲಿ ಇದ್ದದ್ದು 'ಕಾಯಂ' ಒಂದೇ.

"ಹಂಗಾಮಿ ಎಲ್ಲಮ್ಮಾ?"

"ನೀವೇ ತೆಗೆಸಿದ್ರಲ್ಲ ಸಾರ್."

ಹೊರಗೆ ಟೆಂಪೋಗಳ ಹಾರ್ನ್ ಶುರುವಾಯಿತು. ಕಿಟಕಿ ನೋಡಿದರು, ನನ್ನ ನೋಡಿದರು, ಗಾಜಿನಡಿಯ ಕಾಗದ ನೋಡಿದರು. ನಾನು ಮುಖ ಗಂಭೀರವಾಗಿ ಇಟ್ಟುಕೊಂಡಿದ್ದೆ. ಕೊನೆಗೆ ಕಣ್ಣು ಮುಚ್ಚಿ 'ಕಾಯಂ' ಒತ್ತಿದರು.

ಎರಡು ನಿಮಿಷದಲ್ಲಿ ಬೀಗ ತೆಗೆದೆ. ಮೊದಲ ಚೀಲ ತೂಕಕ್ಕೆ ಏರಿತು.

ಕಾರ್ಯದರ್ಶಿಗಳು ಬೆವರು ಒರೆಸಿಕೊಂಡು ಹತ್ತಿರ ಬಂದರು. "ಕೆಲಸ ಆಯ್ತಲ್ಲ. ಈಗ ನಿನ್ನ ಹೆಸರನ್ನ ಪಟ್ಟಿಯಿಂದ ತೆಗೆಯೋದು ಹೇಗಮ್ಮಾ?"

"ನೀವೇನೂ ತೊಂದರೆ ತಗೋಬೇಡಿ ಸಾರ್," ಅಂದೆ. "ನಾನು ನಿವೃತ್ತಿಯಾದ ದಿನ ತಾನಾಗೇ ಹೋಗುತ್ತೆ."