ಮಾಸ್ತರ ಪಾರ್ಸಲ್ಲು, ಮಲ್ಲಪ್ಪನ ನೋಟೀಸು

ಇನ್ನೊಬ್ಬರ ಕೆಲಸದ ಮೇಲೆ ಕಣ್ಣಿಡುವುದಕ್ಕೇ ಸಂಬಳ ಪಡೆಯುವವನ ಕಷ್ಟ ಯಾರಿಗೂ ಬೇಡ. ಕೆಲಸ ಸರಿಯಾಗಿ ನಡೆದರೆ ಅವನು ಅಲ್ಲಿ ಏಕಿದ್ದಾನೆಂದು ಕೇಳುತ್ತಾರೆ, ಕೆಟ್ಟರೆ ಅವನು ಎಲ್ಲಿದ್ದನೆಂದು ಕೇಳುತ್ತಾರೆ. ಸಿಂದಗಿಯ ಒಂದು ಪಾರ್ಸಲ್ ಕೇಂದ್ರದಲ್ಲಿ ನಾನು ಮೇಲ್ವಿಚಾರಕ. "ಮನ್ಯಾಗ ಬೆಕ್ಕೂ ನಿಮ್ಮ ಮಾತು ಕೇಳೂದಿಲ್ಲ, ಅಲ್ಲಿ ಆರು ಮಂದಿ ಹೆಂಗ ಕೇಳ್ತಾರ?" ಎಂದು ನನ್ನ ಹೆಂಡತಿ ಆಶ್ಚರ್ಯಪಡುತ್ತಾಳೆ. ಅವರೂ ಕೇಳುವುದಿಲ್ಲವೆಂಬ ಸಂಗತಿಯನ್ನು ನಾನು ಅವಳಿಗೆ ಇನ್ನೂ ಹೇಳಿಲ್ಲ.

ಈ ಹುದ್ದೆಗೆ ಬಂದಾಗ ಹುಬ್ಬಳ್ಳಿಯಲ್ಲಿ ಎರಡು ದಿನ ತರಬೇತಿ ಕೊಟ್ಟಿದ್ದರು. ಊಟ ಚೆನ್ನಾಗಿತ್ತು. ಪಾಠದಲ್ಲಿ ನೆನಪುಳಿದದ್ದು ಒಂದೇ: ಸಿಬ್ಬಂದಿಗೆ ಹೌದು ಅಥವಾ ಇಲ್ಲ ಎಂಬ ಉತ್ತರ ಬರುವ ಪ್ರಶ್ನೆಗಳನ್ನೇ ಕೇಳಬೇಕು, ಕಥೆ ಹೇಳಲು ಬಿಡಬಾರದು. ನಮ್ಮ ಕಡೆಯವರಿಗೆ ಇದು ಬೇಕೇ ಬೇಕಿತ್ತು ಎನ್ನಿಸಿತು. ಊಟ ಆಯಿತೇ ಎಂದು ಕೇಳಿದರೆ ಜೋಳ ಬಿತ್ತಿದಲ್ಲಿಂದ ಶುರುಮಾಡುವ ಜನ ನಾವು. ಬಂದ ದಿನದಿಂದಲೇ ಜಾರಿಗೆ ತಂದೆ.

ಈ ನಿಯಮಕ್ಕೆ ಸಿಕ್ಕಿಬಿದ್ದವನು ಮಲ್ಲಪ್ಪ. ಮನೆಮನೆಗೆ ಪಾರ್ಸಲ್ ಮುಟ್ಟಿಸುವವರಲ್ಲಿ ಎಲ್ಲರಿಗಿಂತ ಹಳಬ, ನನ್ನ ವಾರಿಗೆಯವನೇ. ಯಾರ ಮನೆಯ ಸೊಸೆ ಹೆರಿಗೆಗೆ ತವರಿಗೆ ಹೋಗಿದ್ದಾಳೆ, ಯಾವ ಓಣಿಯ ನಾಯಿ ಯಾವ ಹೊತ್ತಿಗೆ ಮಲಗುತ್ತದೆ, ಎಲ್ಲ ಅವನಿಗೆ ಬಾಯಿಪಾಠ. ಪಾರ್ಸಲ್ ಮೇಲಿನ ಹೆಸರು ನೋಡುತ್ತಾನೆ, ವಿಳಾಸ ಓದುವುದು ಅವನಿಗೆ ಅಪಮಾನ. ನನಗೋ ವಿಳಾಸವೇ ದೇವರು. ಕೊಟ್ಟ ಜಾಗದ ಫೋಟೋ ತೆಗೆಯಬೇಕು, ಜಾಗ ವಿಳಾಸಕ್ಕೆ ಹೊಂದಬೇಕು.

ಹೋದ ವರ್ಷದ ಪಿತೃಪಕ್ಷದಲ್ಲಿ ನಿವೃತ್ತ ದೇಶಪಾಂಡೆ ಮಾಸ್ತರು ಕೇಂದ್ರಕ್ಕೇ ಬಂದು, ತರಗತಿಯಲ್ಲಿ ನಿಂತಷ್ಟು ಗಟ್ಟಿಯಾಗಿ, "ನನ್ನ ಕಿವಿ ಮಶೀನು ಬಂದೇ ಇಲ್ಲ" ಎಂದರು. ದಾಖಲೆಯಲ್ಲಿ ಮಾತ್ರ ಮಲ್ಲಪ್ಪ ಮುಟ್ಟಿಸಿ ಮೂರು ದಿನವಾಗಿತ್ತು. ಫೋಟೋ ತೆರೆದೆ. ಹಸಿರು ಬಾಗಿಲು, ಪಕ್ಕದಲ್ಲಿ ಒಂದು ಆಡು. ಮಾಸ್ತರ ಮನೆ ನನಗೆ ಗೊತ್ತು. ಮುಂದೆ ತುಳಸಿಕಟ್ಟೆ, ಆಡನ್ನು ಅವರು ಅಂಗಳಕ್ಕೂ ಬಿಡುವವರಲ್ಲ.

ಮಾಸ್ತರು ಹೋದಮೇಲೆ ಮಲ್ಲಪ್ಪನನ್ನು ಕರೆದೆ. "ಇದು ಮಾಸ್ತರ ಮನಿ ಬಾಗಲೇನು? ಹೌದು, ಇಲ್ಲ, ಅಷ್ಟ ಹೇಳು."

"ಇಲ್ರಿ. ಆದ್ರ ಮಾಸ್ತರ ಮನಿ ಬಾಯಾರು..."

"ಸಾಕು" ಎಂದೆ. ತರಬೇತಿ ಫಲ ಕೊಟ್ಟಿತ್ತು.

ಮಾಸ್ತರು ಮೇಲಿನ ಕಚೇರಿಗೂ ದೂರು ಕೊಟ್ಟಿದ್ದರು. ಸಂಜೆಯೊಳಗೆ ಪಾರ್ಸಲ್ ಸಿಗಬೇಕು, ಇಲ್ಲದಿದ್ದರೆ ಮಲ್ಲಪ್ಪನನ್ನು ತೆಗೆದ ನೋಟೀಸು ನಮ್ಮ ಕೇಂದ್ರದಿಂದಲೇ ಅವನ ಮನೆಗೆ ಹೊರಡಬೇಕು ಎಂದು ವಿಜಯಪುರದಿಂದ ಅಪ್ಪಣೆಯಾಯಿತು. ತಹಶೀಲ್ ಕಚೇರಿ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ನೋಟೀಸು ಟೈಪ್ ಮಾಡಿಸಿ ಅಂಗಿ ಜೇಬಿನಲ್ಲಿಟ್ಟುಕೊಂಡೆ. ಮಧ್ಯಾಹ್ನದ ರೊಟ್ಟಿಯನ್ನು ಡಬ್ಬಿಯಲ್ಲೇ ಬಿಟ್ಟೆ. ಐವತ್ತು ದಾಟಿದವನಿಗೆ ಈ ಊರಲ್ಲಿ ಮತ್ತೆ ಯಾರು ಕೆಲಸ ಕೊಡುತ್ತಾರೆ? ನಿಜವಾಗಿಯೂ ಸಂಕಟವಾಯಿತು. ಸಹಿ ಹಾಕುವ ಮೊದಲು ಒಮ್ಮೆ ಮಾಸ್ತರ ಮನೆಗಾದರೂ ಹೋಗಿಬರೋಣವೆಂದು ಮಲ್ಲಪ್ಪನ ಗಾಡಿಯ ಹಿಂದೆಯೇ ಕೂತೆ. ದಾರಿಯಲ್ಲೂ ಅವನು ಕಥೆ ಶುರುಮಾಡದಂತೆ, ಮುಂದೆ ನೋಡಿ ಗಾಡಿ ಹೊಡೆ ಎಂದೆ.

ಬಾಗಿಲು ತೆರೆದವರು ಮಾಸ್ತರ ಹೆಂಡತಿ. ವಿಷಯ ಕೇಳಿ ಹಣೆ ಚಚ್ಚಿಕೊಂಡರು. "ಅಯ್ಯ, ಪಕ್ಷದಾಗ ಹೊಸಾ ಸಾಮಾನು ಮನಿಯೊಳಗ ತರಬಾರದಲ್ರೀ. ಅಮಾಸಿ ಆಗೂತನಕ ಬಾಜೂ ಮಹಬೂಬಸಾಬರ ಮನ್ಯಾಗ ಇಡು ಅಂತ ನಾನೇ ಮಲ್ಲಪ್ಪಗ ಹೇಳಿದೆ. ಅವರಿಗೇನು ಪಕ್ಷ ಇರೂದಿಲ್ಲಲ್ಲ."

"ಮಾಸ್ತರಿಗೆ ಹೇಳಲಿಲ್ಲೇನ್ರಿ?"

"ಎರಡು ಸಲ ಹೇಳೀನಿ. ಕೇಳಿಸಬೇಕಲ್ಲ? ಕೇಳಿಸೂ ಮಶೀನು ಆ ಡಬ್ಬ್ಯಾಗ ಅದ."

ಹಸಿರು ಬಾಗಿಲಿನಿಂದ ಮಹಬೂಬಸಾಬರೇ ಡಬ್ಬಿ ತಂದು ತೋರಿಸಿದರು. ಅಂಟುಪಟ್ಟಿ ಕೂಡ ಬಿಚ್ಚಿರಲಿಲ್ಲ. ಮಾಸ್ತರಿಗೆ ಎಲ್ಲವನ್ನೂ ಕಾಗದದ ಮೇಲೆ ಬರೆದು ತಿಳಿಸಿದೆವು. ಅವರು ಓದಿ, ನಾಚಿ, ಅಲ್ಲೇ ದೂರು ವಾಪಸು ಪಡೆದರು. ನನ್ನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಮಾಸ್ತರ ಹೆಂಡತಿ ಕೊಟ್ಟ ಅವಲಕ್ಕಿಯನ್ನು ಎರಡು ತಟ್ಟೆ ತಿಂದೆ. ಮಲ್ಲಪ್ಪ ಮೂರು.

ಹೊರಗೆ ಬಂದು ಗಾಡಿ ಹತ್ತುವಾಗ ಮಲ್ಲಪ್ಪ ತಣ್ಣಗೆ, "ಸಾಹೇಬ್ರ, ಕಿಸೇದಾಗಿನ ಆ ನೋಟೀಸು ಹರದ ಬಿಡ್ರಿ" ಎಂದ.

ನನ್ನ ಮುಖ ಕಪ್ಪಿಟ್ಟಿತು. "ನಿನಗ ಹೆಂಗ ಗೊತ್ತಾತು?"

"ಟೈಪ್ ಮಾಡಿದವ ನನ್ನ ಅಳಿಯಾ ಅದಾನ್ರಿ. ಅದರಾಗ ನನ್ನ ವಿಳಾಸ ತಪ್ಪೈತಿ. ಆ ಓಣಿ ಬಿಟ್ಟು ನಾಕು ವರ್ಷಾತು."

ಸಿಬ್ಬಂದಿಯ ಮನೆ ಗೊತ್ತಿಲ್ಲದ ಮೇಲ್ವಿಚಾರಕನೆಂಬುದನ್ನು ಮುಚ್ಚಿಕೊಳ್ಳಲು, "ಹಂಗಾರ ಅದು ನಿನಗ ಮುಟ್ಟತಿರಲಿಲ್ಲ ಬಿಡು" ಎಂದೆ.

"ಯಾಕ ಮುಟ್ಟತಿರಲಿಲ್ಲರಿ? ಆ ಓಣಿಗೆ ಕೊಡಾಂವ ನಾನ ಅಲ್ಲೇನ್ರಿ? ಸರಿಯಾದ ಮನಿಗೆ ಒಯ್ದು ಮುಟ್ಟಸತಿದ್ದೆ."

ಮುಟ್ಟಿಸುತ್ತಿದ್ದ, ಸಂಶಯವೇ ಬೇಡ. ಫೋಟೋ ಕೂಡ ತೆಗೆಯುತ್ತಿದ್ದ. ಆ ಫೋಟೋ ನೋಡಿ ನಾನು, ವಿಳಾಸಕ್ಕೆ ಹೊಂದುವುದಿಲ್ಲವೆಂದು ಅವನಿಗೆ ಇನ್ನೊಂದು ನೋಟೀಸು ಟೈಪ್ ಮಾಡಿಸುತ್ತಿದ್ದೆ.