ಏಳನೇ ಡಬ್ಬಿಯಿಂದ ಮನೆಯವರೆಗೆ

ಬೀದಿ ದೀಪದ ಕೆಲಸಕ್ಕೆ ಸೇರಿದ ಮೇಲೆ ನನಗೆ ಆಗುವುದೆಲ್ಲ ಹೀಗೇ. ಬೇರೆಯವರ ಪಜೀತಿಗಳು ಹಗಲು ಹೊತ್ತು ನಾಲ್ಕು ಜನರ ಎದುರು ಆಗುತ್ತವೆ, ನನ್ನವು ಯಾರೂ ಇಲ್ಲದ ಹೊತ್ತಿನಲ್ಲಿ ಆಗುತ್ತವೆ. ಯಾರೂ ಇಲ್ಲ ಅಂದುಕೊಂಡಿದ್ದೇ ತಪ್ಪು ಅಂತ ಪ್ರತಿ ಸಲವೂ ಆಮೇಲೆ ಗೊತ್ತಾಗುತ್ತದೆ.

ನನ್ನದು ಗುಡಿಬಂಡೆ ಹತ್ತಿರದ ಒಂದು ಹಳ್ಳಿ. ನಮ್ಮ ಊರಿನ ಅರ್ಧ ಜನ ಗಾರ್ಮೆಂಟ್ಸ್ ಅಂತ ಬೆಂಗಳೂರಿನ ಬಸ್ಸು ಹತ್ತಿದಾಗ ನಾನು ರಾಯದುರ್ಗದ ಬಸ್ಸು ಹತ್ತಿ ಇಲ್ಲಿಗೆ ಬಂದೆ. ನಾಲ್ಕು ವರ್ಷ ಜೀನ್ಸ್ ಪ್ಯಾಂಟಿಗೆ ಗುಂಡಿ ಒತ್ತಿದೆ. ಸ್ವಲ್ಪ ವೈರಿಂಗ್ ಬರುತ್ತಿತ್ತು, ಹಾಗಾಗಿ ಒಂದು ವಾರ್ಡಿನ ಬೀದಿ ದೀಪ ನೋಡಿಕೊಳ್ಳುವ ಕಾಂಟ್ರಾಕ್ಟ್ ಕೆಲಸ ಸಿಕ್ಕಿತು. ಓಣಿಯವರು ನನ್ನನ್ನು ಲೈಟಣ್ಣ ಅನ್ನುತ್ತಾರೆ.

ಈ ಕೆಲಸಕ್ಕೆ ಯಾಕೆ ಆಸೆಪಟ್ಟೆ ಅಂತ ಯಾರಿಗೂ ಹೇಳಿರಲಿಲ್ಲ. ನನಗೆ ಕತ್ತಲೆಂದರೆ ಜೀವ ಬಾಯಿಗೆ ಬರುತ್ತದೆ. ಮದುವೆಯಾಗುವ ತನಕ ರಾತ್ರಿ ಹಿತ್ತಲಿಗೆ ಹೋಗಬೇಕಾದರೆ ತಂಗಿಯನ್ನು ಎಬ್ಬಿಸಿಕೊಂಡು ಹೋಗುತ್ತಿದ್ದವನು ನಾನು. ಬೀದಿ ದೀಪದ ಕೆಲಸವಾದರೆ ಹೋದಲ್ಲೆಲ್ಲ ಬೆಳಕು ಇರುತ್ತದಲ್ಲ ಅನ್ನುವುದು ನನ್ನ ಲೆಕ್ಕ.

೧. ಮೇಲಿನಿಂದ ಬಂದ ದನಿ

ನಮ್ಮ ವಾರ್ಡಿನಲ್ಲಿ ರಿಟೈರಾದ ಮೇಷ್ಟ್ರೊಬ್ಬರಿದ್ದಾರೆ. ಅವರು ಆಫೀಸಿಗೆ ಒಂದು ಅರ್ಜಿ ಕೊಟ್ಟರು. ರಾತ್ರಿಯೆಲ್ಲ ದೀಪ ಉರಿದು ಕತ್ತಲೆಯೇ ಕೆಟ್ಟುಹೋಗಿದೆ, ಕಾಗೆಗಳು ನಡುರಾತ್ರಿ ಬೆಳಗಾಯಿತೆಂದು ಕೂಗುತ್ತವೆ, ಹುಳುಗಳು ದೀಪ ಸುತ್ತಿ ಸುತ್ತಿ ಸಾಯುತ್ತವೆ, ನಕ್ಷತ್ರ ಕಾಣುವುದಿಲ್ಲ, ಇದಕ್ಕೆ ಬೆಳಕಿನ ಮಾಲಿನ್ಯ ಅನ್ನುತ್ತಾರೆ ಅಂತ ಬರೆದಿದ್ದರು. ಗಲೀಜು ಅಂದರೆ ನನಗೆ ಗೊತ್ತಿದ್ದದ್ದು ಚರಂಡಿಯದು, ಜೀನ್ಸ್ ತೊಳೆಯುವ ವಾಶಿಂಗ್ ಯೂನಿಟ್ಟಿನ ನೀಲಿ ನೀರಿನದು. ಬೆಳಕೂ ಗಲೀಜಾಗುತ್ತದೆ ಅಂತ ಅವತ್ತೇ ಕೇಳಿದ್ದು.

ಸೂಪರ್‌ವೈಸರ್ ನನ್ನನ್ನು ಕರೆಸಿದರು. "ನೋಡಪ್ಪ, ಒಂದು ತಿಂಗಳು ಟ್ರಯಲ್. ರಾತ್ರಿ ಹನ್ನೊಂದಕ್ಕ ಶುರು ಮಾಡಿ ಏಳೂ ಡಬ್ಬಿ ಬಂದ್ ಮಾಡಬೇಕು, ಬೆಳಗಿನ ಜಾವ ನಾಲ್ಕಕ್ಕ ಮತ್ತ ಹಾಕಬೇಕು. ನಿನಗ ಕತ್ತಲಂದ್ರ ಅಂಜಿಕಿ ಇಲ್ಲಲ್ಲ? ಇದ್ರ ಈಗ ಹೇಳು. ಈ ಕೆಲಸ ಕೇಳೋರು ಬಾಗಿಲಾಗ ನಿಂತಾರ."

"ಬಿಡಿ ಸಾರ್, ನಾವು ಗುಡಿಬಂಡೆ ಕಡೆಯೋರು. ಹುಳ ಮೇಯಿಸೋ ಮನೇಲಿ ಹುಟ್ಟಿದೋರು. ಸರಹೊತ್ತಲ್ಲಿ ತೋಟಕ್ಕೋಗಿ ಹಿಪ್ಪುನೇರಳೆ ಸೊಪ್ಪು ಕುಯ್ಕಂಡ್ ಬಂದಿದೀವಿ," ಅಂದೆ.

ಡಬ್ಬಿ ಅಂದರೆ ಕಂಬಕ್ಕೆ ಕಟ್ಟಿರುವ ಸ್ವಿಚ್ಚಿನ ಪೆಟ್ಟಿಗೆ. ಒಂದೊಂದು ಓಣಿಗೆ ಒಂದೊಂದು. ಒಂದನೆಯದು ನನ್ನ ಕೋಣೆಯ ಎದುರಿಗೇ ಇದೆ. ಏಳನೆಯದು ವಾರ್ಡಿನ ಆ ಕೊನೆಯಲ್ಲಿ, ಹೊಲಿಗೆ ಯೂನಿಟ್ಟಿನ ಮುಂದೆ. ಒಂದರಿಂದ ಏಳಕ್ಕೆ ಹೋಗಬೇಕು ಅಂತ ಆಫೀಸಿನ ಕಾಗದದಲ್ಲೇ ಇತ್ತು. ಹೋಗುವಾಗ ಚಿಂತೆಯಿಲ್ಲ, ಮುಂದಿನ ಓಣಿಯಲ್ಲಿ ದೀಪ ಇರುತ್ತದೆ. ಬರುವಾಗ ನಾನೇ ಮಾಡಿಟ್ಟ ಕತ್ತಲೆಯಲ್ಲಿ ನಾನೇ ಆರು ಓಣಿ ನಡೆಯಬೇಕು.

ಮೊದಲ ರಾತ್ರಿ ಏಳನೇ ಡಬ್ಬಿ ಆರಿಸಿದೆ. ಕಂಬ ಹೋಯಿತು, ಮನೆಗಳು ಹೋದವು, ಊರ ಮೇಲಿನ ಗುಡ್ಡ ಹೋಯಿತು, ನನ್ನ ಕೈಯೇ ನನಗೆ ಕಾಣಲಿಲ್ಲ. ಮೊಬೈಲಿನ ಟಾರ್ಚ್ ಹಾಕಿಕೊಂಡು ಹೊರಟೆ. ಇನ್ನೂ ಹತ್ತು ಹೆಜ್ಜೆ ಹೋಗಿರಲಿಲ್ಲ, ತಲೆಯ ಮೇಲಿನಿಂದ ಒಂದು ದನಿ ಬಂತು.

"ಆ ಬೆಳಕು ಆರಿಸಪ್ಪಾ."

ಮೇಲೆ ನೋಡಿದೆ. ಬರೀ ಕಪ್ಪು.

"ನಿನಗ ಹೇಳಾಕತ್ತೀನಿ. ಆರಿಸು."

ಆರಿಸಿದೆ. ಕೈ ಮುಗಿದು, "ತಪ್ಪಾಯ್ತು ಸ್ವಾಮಿ," ಅಂದೆ.

"ಸ್ವಾಮಿ ಅಲ್ಲೋ, ನಾನು ಮೇಷ್ಟ್ರು. ಮಾಳಿಗಿ ಮ್ಯಾಲ ಕುಂತೀನಿ. ನಕ್ಷತ್ರ ಎಣಿಸಾಕತ್ತಿದ್ದೆ, ನಿನ್ನ ಟಾರ್ಚಿಗೆ ಕಣ್ಣು ಕುಕ್ಕಿ ಎಣಿಕಿ ತಪ್ಪಿತು. ಇನ್ನೊಮ್ಮೆ ಟಾರ್ಚ್ ಕಂಡ್ರ ಆಫೀಸಿಗೆ ಬರೀತೀನಿ ನೋಡು."

ಪಾಪ, ಎಷ್ಟು ಹೊತ್ತಿನ ಶ್ರಮ ಹಾಳಾಯಿತೋ ಅನ್ನಿಸಿ, "ಎಲ್ಲೀಗಂಟ ಬಂದಿತ್ತು ಸಾರ್?" ಅಂದೆ.

"ಹನ್ನೊಂದು," ಅಂದರು.

೨. ಅರ್ಧ ಮನುಷ್ಯರು

ಟಾರ್ಚ್ ಹೋಯಿತು. ಎರಡನೇ ರಾತ್ರಿಯಿಂದ ಗೋಡೆ ಸವರಿಕೊಂಡು ಬರತೊಡಗಿದೆ.

ನಾಲ್ಕನೇ ಡಬ್ಬಿಯ ಹತ್ತಿರ ಗೋಡೆ ಮುಗಿದು ಬಯಲು ಬರುತ್ತದೆ. ಅವತ್ತು ಆ ಬಯಲಿನಲ್ಲಿ ಜನ ನಿಂತಿದ್ದರು. ಸಾಲು ಸಾಲಾಗಿ, ಸದ್ದಿಲ್ಲದೆ. ಮಸುಕು ಮಸುಕಾಗಿ ಅವರ ಕಾಲುಗಳು ಕಾಣುತ್ತಿದ್ದವು. ತೊಡೆ ಇತ್ತು, ಸೊಂಟ ಇತ್ತು, ಸೊಂಟದ ಮೇಲೆ ಏನೂ ಇರಲಿಲ್ಲ. ಗಾಳಿ ಬಂದಾಗ ಅಷ್ಟೂ ಕಾಲುಗಳು ಒಟ್ಟಿಗೆ ಒಂದು ಹೆಜ್ಜೆ ಮುಂದೆ ಇಟ್ಟು ಹಿಂದಕ್ಕೆ ಹೋದವು.

ಜನ ಅಂದಮೇಲೆ ಮರ್ಯಾದೆಯಾಗಿ ಕೇಳಿಕೊಳ್ಳೋಣ ಅಂತ, "ಸ್ವಲ್ಪ ದಾರಿ ಬಿಡ್ರಪ್ಪಾ, ಮನೇಲಿ ಕಾಯ್ತಾ ಇರ್ತಾರೆ," ಅಂದೆ. ಕೋಣೆಯಲ್ಲಿ ನನ್ನನ್ನು ಕಾಯುವವರು ಯಾರೂ ಇರಲಿಲ್ಲ, ಹೆಂಡತಿ ಊರಿನಲ್ಲಿದ್ದಳು. ಆದರೂ ಹಾಗೇ ಬಾಯಿಗೆ ಬಂತು.

ಸಾಲಿನ ಮಧ್ಯದಿಂದ ಉತ್ತರ ಬಂತು. "ನೀನು ಮೊದಲು ದಾರಿ ಬಿಡಪ್ಪಾ. ಉಚ್ಚಿಗೆ ಹೋಗಬೇಕಂತ ಆಗಿಂದ ನಿಂತೀನಿ."

ವಾಶಿಂಗ್ ಯೂನಿಟ್ಟಿನ ಕಾವಲುಗಾರ. ನಾನು ನೋಡಿದ್ದು ತಂತಿಗೆ ಒಣಹಾಕಿದ ಜೀನ್ಸ್ ಪ್ಯಾಂಟುಗಳನ್ನು. ನಾಲ್ಕು ವರ್ಷ ಗುಂಡಿ ಒತ್ತಿದ ಕೈ ಇದು, ಆದರೂ ನನಗೆ ಪ್ಯಾಂಟಿನ ಗುರುತು ಸಿಗಲಿಲ್ಲವಲ್ಲ ಅಂತ ನಾಚಿಕೆಯಾಯಿತು.

"ನೀವ್ಯಾಕಣ್ಣ ಬಚ್ಚಿಟ್ಕಂಡಿದ್ರಿ?" ಅಂತ ಕೇಳಿದೆ.

"ಅಂಜಿಕಿ ಆತಪ್ಪ. ನೀನು ಬಿಳಿ ಅಂಗಿ ಹಾಕ್ಕೊಂಡು ಕರೀ ಪ್ಯಾಂಟ್ ಹಾಕ್ಕೊಂಡೀ. ನನಗ ಮ್ಯಾಲಿನ ಅರ್ಧ ಅಷ್ಟ ಕಾಣಾಕತ್ತಿತ್ತು, ಗಾಳ್ಯಾಗ ತೇಲಿಕೋತ ಬಂತು," ಅಂದ. ಆಮೇಲೆ ತಂತಿಯ ಕಡೆಗೂ ನನ್ನ ಕಡೆಗೂ ನೋಡಿ, "ನೀನು ನೋಡಿದ್ದೂ ನಾನು ನೋಡಿದ್ದೂ ಜೋಡಿಸಿದ್ರ ಒಬ್ಬ ಪೂರ್ತಿ ಮನಷ್ಯಾ ಆಗ್ತಾನ ನೋಡು," ಅಂದ.

೩. ರಿಜೆಕ್ಟ್ ಪೀಸ್

ಇನ್ನೊಂದು ರಾತ್ರಿ ಐದನೇ ಡಬ್ಬಿಯ ಓಣಿಯ ನಡುಮಧ್ಯೆ ಒಬ್ಬರು ನಿಂತಿದ್ದರು. ಕುತ್ತಿಗೆ ಹಿಂದಕ್ಕೆ ಬಿದ್ದಿತ್ತು, ಬಾಯಿ ತೆರೆದಿತ್ತು, ಅಲುಗಾಟವಿಲ್ಲ. ಹತ್ತಿರ ಹೋದ ಮೇಲೆ ಗುರುತು ಸಿಕ್ಕಿತು, ನನ್ನ ಹಳೆಯ ಯೂನಿಟ್ಟಿನ ಕಟಿಂಗ್ ಮಾಸ್ಟರ್. ಮೂರು ಸಲ ಮಾಸ್ಟರ್ ಅಂದೆ. ನಿಂತಲ್ಲೇ ಜೀವ ಹೋಗಿದೆಯೇನೋ ಅಂತ ಮೂಗಿನ ಹತ್ತಿರ ಕೈ ಹಿಡಿಯಲು ಹೋದೆ. ಅವರು ನಿಧಾನಕ್ಕೆ ಒಂದು ಬೆರಳು ಮೇಲೆತ್ತಿ ತೋರಿಸಿದರು.

ಗುಡ್ಡದ ಆ ಅಂಚಿನಿಂದ ಈ ಅಂಚಿನವರೆಗೆ ಆಕಾಶದಲ್ಲಿ ನಕ್ಷತ್ರಗಳ ಬಿಳಿ ಪಟ್ಟೆ ಎದ್ದಿತ್ತು. ಸಣ್ಣವನಿದ್ದಾಗ ಕಡಲೆಕಾಯಿ ಕಣದಲ್ಲಿ ಮಲಗಿ ಇದನ್ನು ನೋಡಿದ್ದೆ. ಆಮೇಲೆ ಅದು ಇದೆ ಅನ್ನುವುದೇ ಮರೆತುಹೋಗಿತ್ತು. ಇಷ್ಟು ವರ್ಷ ಪ್ರತಿ ಸಂಜೆ ನನ್ನ ಕೈಯಿಂದಲೇ ಇದನ್ನು ಮುಚ್ಚುತ್ತಿದ್ದೆನಲ್ಲ ಅನ್ನಿಸಿ ಒಂದು ಥರ ಸಂಕಟವಾಯಿತು. ಮೇಷ್ಟ್ರ ಮೇಲಿನ ಸಿಟ್ಟೂ ಅಲ್ಲಿಗೆ ಅರ್ಧ ಇಳಿಯಿತು.

ಮಾಸ್ಟರ್ ತುಂಬ ಹೊತ್ತು ನೋಡಿದರು. ಹುಟ್ಟಿದಾಗಿನಿಂದ ಬಟ್ಟೆ ನೋಡಿ ನೋಡಿ ತಲೆ ಕೆಳಗೆ ಹಾಕಿದವರು ಅವತ್ತು ಮೇಲೆತ್ತಿದ್ದರು. ಏನೋ ದೊಡ್ಡ ಮಾತು ಹೇಳುತ್ತಾರೆ ಅಂತ ನಾನೂ ಕಾದೆ.

"ಬಟ್ಟಿ ಛಲೋ ಐತಿ," ಅಂದರು. "ವಾಶಿಂಗ್‌ನಾಗ ಕೆಡಿಸ್ಯಾರ. ನಡುವ ಹೆಂಗ ಬಿಳುಪು ಬಿದ್ದೈತಿ ನೋಡು. ಪಾರ್ಟಿ ತಗೊಳ್ಳಂಗಿಲ್ಲ."

೪. ಎರಡೇ ಕೂಗು

ನಮ್ಮ ಕಡೆಯಾಗಲಿ ಈ ಕಡೆಯಾಗಲಿ ಒಂದು ಪದ್ಧತಿ ಇದೆ. ರಾತ್ರಿ ಹೊತ್ತು ಹಿಂದಿನಿಂದ ಯಾರಾದರೂ ಕೂಗಿದರೆ ತಕ್ಷಣ ಓಗೊಡಬಾರದು. ಮೂರನೇ ಸಲ ಕೂಗಿದರೆ ಮಾತ್ರ ತಿರುಗಬೇಕು. ಮನುಷ್ಯರಾದರೆ ಮೂರು ಸಲ ಕೂಗುತ್ತಾರೆ, ದೆವ್ವಕ್ಕೆ ಮೂರನೇ ಸಲ ಕೂಗಲು ಬರುವುದಿಲ್ಲ. ಇದನ್ನು ಯಾರು ಪರೀಕ್ಷೆ ಮಾಡಿ ನೋಡಿದರೋ ಗೊತ್ತಿಲ್ಲ, ನಾನಂತೂ ನಂಬಿದವನು.

ಎರಡನೇ ವಾರದಲ್ಲಿ ಏಳನೇ ಡಬ್ಬಿ ಆರಿಸಿ ತಿರುಗಿದಾಗಿನಿಂದ ನನ್ನ ಹಿಂದೆ ಒಂದು ಸಪ್ಪಳ ಬರತೊಡಗಿತು. ಕಿಣಿ, ಕಿಣಿ, ಕಿಣಿ. ನಾನು ನಿಂತರೆ ಅದೂ ನಿಲ್ಲುತ್ತದೆ. ನಡೆದರೆ ನಡೆಯುತ್ತದೆ. ಜೊತೆಗೆ ಚಪ್ಪಲಿ ಎಳೆದ ಸದ್ದು. ಎಷ್ಟು ಕಾಲು ಅಂತ ಲೆಕ್ಕಕ್ಕೆ ಸಿಗಲಿಲ್ಲ, ಎರಡಕ್ಕಿಂತ ಹೆಚ್ಚಂತೂ ಇತ್ತು.

ಒಂದು ರಾತ್ರಿ ಆರನೇ ಓಣಿಯಲ್ಲಿ ಹಿಂದಿನಿಂದ ಹೆಣ್ಣು ದನಿ ಕೇಳಿಸಿತು. "ಅಣ್ಣಾ."

ನಾನು ತಿರುಗಲಿಲ್ಲ.

"ಅಣ್ಣಾ."

ಮೂರನೆಯದು ಕೇಳಿಸಲಿ ತಾಯಿ ಅಂತ ಕಾದೆ. ನನ್ನ ಜೀವಮಾನದಲ್ಲಿ ಯಾರಾದರೂ ನನ್ನನ್ನು ಕರೆಯಲಿ ಅಂತ ಅಷ್ಟು ಆಸೆಪಟ್ಟಿದ್ದಿಲ್ಲ. ಮೂರನೇ ಸಲ ಕೂಗಲಿಲ್ಲ.

ಓಡಿದೆ. ಹಿಂದಿನ ಕಿಣಿಕಿಣಿಯೂ ಓಡಿಬಂತು. ಕೋಣೆ ಸೇರಿ ಚಿಲಕ ಹಾಕಿಕೊಂಡೆ. ಕೆಲಸ ಬಿಡಬೇಕು ಅನ್ನಿಸಿತು. ಬಿಟ್ಟರೆ ಊರಿಗೆ ಹೋಗಿ ಏನು ಹೇಳುವುದು? ಹೊಲಿಗೆಗೆ ಹೋದವರು ಬೆಂಗಳೂರಿನಿಂದ ಟಿವಿ ತಂದರು, ನಾನು ರಾಯದುರ್ಗದಿಂದ ದೆವ್ವ ತಂದೆ ಅನ್ನಬೇಕಾ?

ಮಾರನೇ ದಿನ ಸೂಪರ್‌ವೈಸರ್ ಸಿಕ್ಕಿ, "ಹೆಂಗ ನಡದೈತಿ?" ಅಂದರು.

"ಚೆನ್ನಾಗೈತೆ ಸಾರ್. ರಾತ್ರಿ ಜೊತೆಗೂ ಯಾರೋ ಒಬ್ರು ಇರ್ತಾರೆ," ಅಂದೆ.

೫. ಕೊನೆಯ ರಾತ್ರಿ

ಟ್ರಯಲ್ಲಿನ ಕೊನೆಯ ರಾತ್ರಿ. ಇದೊಂದು ದಾಟಿದರೆ ಕೆಲಸ ಉಳಿಯಿತು ಅಂತ ಹಲ್ಲು ಕಚ್ಚಿಕೊಂಡು ಹೊರಟೆ. ಕೆಲವು ರಾತ್ರಿಗಳಿಂದ ಹಿಂದಿನ ಚಪ್ಪಲಿಯ ಸದ್ದು ನಿಂತುಹೋಗಿತ್ತು, ಬರೀ ಕಿಣಿಕಿಣಿ ಉಳಿದಿತ್ತು. ಕಾಲಿನ ಸದ್ದಿಲ್ಲದೆ ಬರುವಂಥದ್ದು ಇನ್ನೂ ಭಯಂಕರ.

ಏಳನೇ ಡಬ್ಬಿ ಆರಿಸಿದವನೇ ಓಡಿದೆ. ಮೇಷ್ಟ್ರ ಮಾಳಿಗೆಯ ಕೆಳಗೆ ಬರುತ್ತಲೇ ನನ್ನ ಚಪ್ಪಲಿಯ ಉಂಗುಷ್ಠ ಕಿತ್ತು ಮುಗ್ಗರಿಸಿ ಕೂತುಬಿಟ್ಟೆ. ಕಿಣಿಕಿಣಿ ನನ್ನ ಬೆನ್ನಿಗೆ ಬಂದು ಬಿತ್ತು. ಅದರ ಮೇಲೆ ಇನ್ನೊಂದು ಬಿತ್ತು, ಅದರ ಮೇಲೆ ಮತ್ತೊಂದು. ನಾನು ಚೀರಿದೆ. ಅವೂ ಚೀರಿದವು, ಎಂಟೊಂಬತ್ತು ದನಿಗಳಲ್ಲಿ.

ಮೇಲಿನಿಂದ ಮೇಷ್ಟ್ರು ಕೂಗಿದರು. "ಏನದು ಗದ್ದಲ? ಏನರ ಆಗಲಿ, ಬೆಳಕು ಮಾತ್ರ ಹಾಕಬ್ಯಾಡ್ರಿ."

ಕತ್ತಲೆಯಲ್ಲಿ ಒಂದು ಕೈ ಬಂದು ನನ್ನ ಪಾದ ಹಿಡಿಯಿತು. ಹಿಮ್ಮಡಿ ಮುಟ್ಟಿತು, ಬೆರಳುಗಳನ್ನು ಒಂದೊಂದಾಗಿ ಸವರಿತು. ಆಮೇಲೆ ಹೆಣ್ಣು ದನಿಯೊಂದು ಹಿಂದಿನವರಿಗೆ ಹೇಳಿತು. "ಬೆರಳು ಮುಂದಕ್ಕ ಅದಾವ. ಮನಷ್ಯಾನ ಐತ್ರೇ."

ಹೊಲಿಗೆ ಯೂನಿಟ್ಟಿನ ಹೆಂಗಸರು. ಅರ್ಜೆಂಟ್ ಆರ್ಡರ್ ಬಂದು ಮೂರು ವಾರದಿಂದ ಹನ್ನೊಂದೂವರೆಗೆ ಬಿಡುತ್ತಿದ್ದರಂತೆ. ಎಲ್ಲರ ಕೊರಳಲ್ಲೂ ದಾರ ಕತ್ತರಿಸುವ ಸಣ್ಣ ಕತ್ತರಿ ನೇತಾಡುತ್ತಿತ್ತು. ಕಿಣಿಕಿಣಿ ಅದರದ್ದು. ನನ್ನ ಪಾದ ಸವರಿ ನೋಡಿದಾಕೆ ಅವರಲ್ಲಿ ಹಿರಿಯಳು.

"ಅಲ್ಲ ಅಕ್ಕಾ, ನನ್ನ ಹಿಂದೆ ಯಾಕ್ ಬರ್ತಿದ್ರಿ?"

"ಕತ್ತಲಾಗ ಹೋಗಾಕ ಅಂಜಿಕಿ ಆಗತೈತ್ರಿ. ಲೈಟಣ್ಣ ಧೈರ್ಯಸ್ಥ, ಒಬ್ಬನ ಓಡಾಡ್ತಾನ, ಅವನ ಬೆನ್ನಿಂದ ಹೋದ್ರಾತು ಅಂದ್ವಿ. ನೀವು ನೋಡಿದ್ರ ಓಡ್ತೀರಿ. ನಿಮ್ಮ ಜೊತಿ ಓಡಾಕ ಆಗವಲ್ದು ಅಂತ ಚಪ್ಪಲಿ ಕೈಯಾಗ ಹಿಡಕೊಂಡ್ವಿ."

"ಕೂಗಬಾರದಾ?"

"ಕೂಗಿದ್ನೆಲ್ರಿ, ಎರಡು ಸಲ. ನೀವು ತಿರುಗಲಿಲ್ಲ."

"ಮೂರನೇ ಸಲ ಕೂಗ್ಬೇಕಿತ್ತು ಅಕ್ಕಾ."

"ಎರಡು ಸಲ ಕೂಗಿದ್ರೂ ಓಗೊಡದಂಥಾದ್ದು ಮನಷ್ಯಾ ಅಲ್ಲ ಬಿಡು ಅನ್ನಿಸ್ತು. ಮೂರನೇದು ಕೂಗಾಕ ಧೈರ್ಯ ಬರಲಿಲ್ಲ. ಅವತ್ತಿಂದ ನೀವು ದೆವ್ವ ಅಂತನ ತಿಳ್ಕೊಂಡಿದ್ವಿ."

ನನಗೆ ತಲೆ ಬುಡ ತಿಳಿಯಲಿಲ್ಲ. "ದೆವ್ವ ಅಂದ್ಕಂಡು ಮತ್ತೆ ಹಿಂದೇನೇ ಬಂದ್ರಾ?"

"ಇನ್ನೇನು ಮಾಡೂದ್ರಿ?" ಅಂದಳು ಆಕೆ. "ದೆವ್ವ ಆದ್ರೇನು, ದಿನಾ ನಮ್ಮ ಓಣಿ ಕಡೀಗೇ ಹೋಗ್ತಿತ್ತಲ್ಲ."

ಎಲ್ಲರೂ ಬಿದ್ದಲ್ಲೇ ನಕ್ಕರು. ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು. ಒಂದು ತಿಂಗಳ ಭಯ ಅಲ್ಲೇ ಇಳಿದುಹೋಯಿತು. ಕೊನೆಗೆ ನಿಜ ಹೇಳಿಬಿಟ್ಟೆ. "ಅಕ್ಕಾ, ನಂಗೂ ಕತ್ತಲಂದ್ರೆ ಭಯ. ಆಫೀಸಿಗೆ ಗೊತ್ತಾದ್ರೆ ಕೆಲಸ ಹೋಗುತ್ತೆ, ಯಾರ್ಗೂ ಹೇಳ್ಬೇಡಿ."

"ನಾವ್ಯಾಕ ಹೇಳೂಣು? ನಾವು ದೆವ್ವದ ಬೆನ್ನು ಹತ್ತಿ ಬರ್ತಿದ್ವಿ ಅಂತ ನೀವೂ ನಮ್ಮ ಮನ್ಯಾಗ ಹೇಳಬ್ಯಾಡ್ರಿ," ಅಂದಳು.

ಬೆಳಗ್ಗೆ ಸೂಪರ್‌ವೈಸರ್ ಕೈ ಕುಲುಕಿದರು. "ಒಂದು ಕಂಪ್ಲೇಂಟ್ ಇಲ್ಲ ನೋಡು. ಹೊಲಿಗಿ ಹೆಣ್ಮಕ್ಕಳೆಲ್ಲ ಬಂದು, ಲೈಟಣ್ಣ ಇದ್ರ ಕತ್ತಲಾಗೂ ಅಂಜಿಕಿಲ್ಲ ಅಂತ ಹೇಳಿ ಹೋಗ್ಯಾರ. ನಿನ್ನಂಥ ಗಟ್ಟಿ ಗುಂಡಿಗಿ ಬೇಕಪ್ಪ. ಇನ್ನೂ ಎರಡು ವಾರ್ಡ್ ನಿನಗ ಕೊಡ್ತೀನಿ."

ಕೆಲಸ ಉಳಿಯಿತು. ಈಗ ದಿನಾ ರಾತ್ರಿ ಏಳನೇ ಡಬ್ಬಿಯ ಹತ್ತಿರ ಯೂನಿಟ್ ಬಿಡುವವರೆಗೆ ಕಾದು, ಎಲ್ಲರನ್ನೂ ಅವರವರ ಮನೆಗೆ ಬಿಟ್ಟು ಬರುತ್ತೇನೆ ಅಂತ ಊರೆಲ್ಲ ಹೊಗಳುತ್ತದೆ. ನಡೆಯುವಾಗ ನಾಲ್ಕು ಜನ ಹೆಂಗಸರು ನನ್ನ ಮುಂದೆ ಇರುತ್ತಾರೆ, ಐದು ಜನ ಹಿಂದೆ. ಕಾವಲಿಗೆ ಬಂದವನು ನೀನು, ನಡುವೆ ಯಾಕೆ ಇರುತ್ತೀಯ ಅಂತ ಯಾರಾದರೂ ಕೇಳಿದರೆ, ಎರಡೂ ಕಡೆಗೆ ಕಣ್ಣಿಡಬೇಕಲ್ಲ ಅನ್ನುತ್ತೇನೆ. ಕೊನೆಯ ಮನೆ ನನ್ನದೇ. ಅದೇ ಓಣಿಯವಳಾದ ಹಿರಿಯಾಕೆ ಬಾಗಿಲವರೆಗೆ ಬಂದು, ನಾನು ಒಳಗೆ ಹೋಗಿ ಚಿಲಕ ಹಾಕಿದ ಸದ್ದು ಕೇಳಿಸಿಕೊಂಡೇ ಹೋಗುತ್ತಾಳೆ.