ನೀಲಿ ಕಿವಿರಿನ ಬಂಗುಡೆ

ಅಷ್ಟೆಲ್ಲ ಗಲಾಟೆಗೆ ಕಾರಣವಾದದ್ದು 'ಉದಾಹರಣೆಗೆ' ಎಂಬ ಒಂದು ಪದ.

ಹೊನ್ನಾವರದ ಖಾಸಗಿ ಕಾಲೇಜೊಂದರ ಆಫೀಸಿನಲ್ಲಿ ಗುಮಾಸ್ತನಾಗಿದ್ದ ಜಗದೀಶ ನಾಯ್ಕನಿಗೆ ಬ್ಲಾಗ್ ಬರೆಯುವ ಹವ್ಯಾಸವಿತ್ತು. ಬ್ಲಾಗಿನ ಹೆಸರು 'ಅಳಿವೆ'. ಬರೆಯುವವನ ಹೆಸರು 'ದಡದವ'. ದಿಲ್ಲಿಯ ರಾಜಕೀಯದಿಂದ ಹಿಡಿದು ಫೇಸ್‌ಬುಕ್ಕಿನಲ್ಲಿ ಜನ ಮುಖ ನೋಡದೆ ಜಗಳವಾಡುವುದರ ತನಕ ಎಲ್ಲದರ ಮೇಲೂ ಅವನಿಗೆ ಹೇಳುವುದಿತ್ತು. ಕೇಳುವವರು ಹನ್ನೊಂದು ಜನ ಮಾತ್ರ. ಅವರಲ್ಲಿ ಇಬ್ಬರು ತೀರಿಕೊಂಡಿದ್ದರು. ಗಂಡ ಏನೋ ಬರೆಯುತ್ತಾನೆ ಎಂಬುದು ಹೆಂಡತಿ ಸೌಜನ್ಯಾಳಿಗೂ ಗೊತ್ತಿತ್ತು. ಏನು ಎಂದು ಅವಳು ಕೇಳಿರಲಿಲ್ಲ. ಸಮುದ್ರದ ಮೇಲೆ ಕವನ ಬರೆಯುತ್ತಾರೆ ಎಂದು ತವರಿನಲ್ಲಿ ಹೇಳಿಕೊಂಡಿದ್ದಳು.

ಸೋಮವಾರ ಅವನು ವಾಟ್ಸಾಪಿನ ಸುಳ್ಳುಸುದ್ದಿಗಳ ಮೇಲೆ ಬರೆದ. ಹಿಂದಿನ ವಾರ ಯಾರೋ ಹರಿಬಿಟ್ಟ ರಜೆಯ ಸುಳ್ಳು ಆದೇಶ ನಂಬಿ ಅವನ ಕಾಲೇಜಿನ ಅರ್ಧ ಹುಡುಗರು ಪರೀಕ್ಷೆಗೇ ಬಂದಿರಲಿಲ್ಲ. ಆ ಸಿಟ್ಟಿನಲ್ಲಿ ಲೇಖನ ಚೆನ್ನಾಗಿಯೇ ಓಡಿತು. ಕೊನೆಗೆ ಒಂದು ಕಡೆ ಹೀಗೆ ಬರೆದ: 'ಸುಳ್ಳು ಹುಟ್ಟಿಸುವುದು ಎಷ್ಟು ಸುಲಭ ನೋಡಿ. ಉದಾಹರಣೆಗೆ, ನಾನೀಗ ಹೀಗೆ ಬರೆಯಬಹುದು: ಈ ವಾರ ನಮ್ಮ ಕಡಲಲ್ಲಿ ಹಿಡಿದ ಬಂಗುಡೆಯ ಕಿವಿರು ನೀಲಿಗಟ್ಟಿದ್ದು, ಅದರಲ್ಲಿ ವಿಷವಿದೆ ಎಂದು ವಿಜ್ಞಾನಿಗಳು ತಿಳಿಸಿದ್ದಾರೆ. ಯಾರೂ ತಿನ್ನಬಾರದು.'

ಬರೆದು, ಪ್ರಕಟಿಸಿ, ತನ್ನ ಬುದ್ಧಿಗೆ ತಾನೇ ಮೆಚ್ಚಿ ಮರೆತೂ ಬಿಟ್ಟ.

ಬುಧವಾರ ಬೆಳಿಗ್ಗೆ ಎಂಟೂವರೆಗೆ ಹೊಳೆಯಾಚೆಯ ಕಾಸರಕೋಡಿನ ದುರ್ಗಿ ಮೀನಿನ ಬುಟ್ಟಿ ಹೊತ್ತು ಓಣಿಗೆ ಬಂದಳು. ಹತ್ತು ಮನೆ ಮುಗಿಸಿ ಜಗದೀಶನ ಬಾಗಿಲಿಗೆ ಬರುವಷ್ಟರಲ್ಲಿ ದಿನವೂ ಅವಳ ಬುಟ್ಟಿ ಅರ್ಧ ಖಾಲಿಯಾಗಿರುತ್ತಿತ್ತು. ಇವತ್ತು ತುಂಬಿದ್ದು ತುಂಬಿದ ಹಾಗೇ ಇತ್ತು.

"ಒಂದ್ ಬಂಗುಡೆನೂ ಹೋಗ್ಲಿಲ್ಲ ನಾಯ್ಕರೆ," ಎಂದು ಅವಳು ಬುಟ್ಟಿಯನ್ನು ಮೆಟ್ಟಿಲ ಮೇಲೆ ಇಳಿಸಿದಳು. "ಎಲ್ಲಾ ಮನೆ ಬಾಗ್ಲು ಹಾಕ್ಕಂಡವೆ. ನಾ ಎಂತ ಮಾಡ್ದೆ ಹೇಳಿ?"

ಒಳಗಿಂದ ಸೌಜನ್ಯಾ ಮೊಬೈಲ್ ಹಿಡಿದು ಬಂದಳು. "ಇವತ್ತು ಬ್ಯಾಡ ದುರ್ಗಿ. ಭಟ್ಕಳದಿಂದ ನನ್ ತಮ್ಮ ಕಳ್ಸಿದಾನೆ. ಬಂಗುಡೆಲಿ ವಿಷ ಅದೆಯಂತೆ."

ಜಗದೀಶ ಇಣುಕಿ ನೋಡಿದ. ಪರದೆಯ ಮೇಲೆ ಇದ್ದದ್ದು ಅವನದೇ ವಾಕ್ಯ. 'ಉದಾಹರಣೆಗೆ' ಇರಲಿಲ್ಲ. ಹಿಂದಿನ ಸಾಲುಗಳಿರಲಿಲ್ಲ. ಬ್ಲಾಗಿನ ಹೆಸರೂ ಇರಲಿಲ್ಲ. ಯಾರೋ ತಲೆ ಬಾಲ ಕತ್ತರಿಸಿ, ನಡುವಿನ ತುಂಡನ್ನು ಮಾತ್ರ ಊರಿಗೆ ಹಂಚಿದ್ದರು.

"ಸುಳ್ಳಿರ್ಬಹುದು," ಎಂದ, ಮೆಲ್ಲಗೆ.

"ಸುಳ್ಳಾದ್ರೆ ಇಷ್ಟ್ ಚಂದ ಕನ್ನಡದಲ್ಲಿ ಯಾರ್ ಬರೀತ್ರು?" ಎಂದಳು ಸೌಜನ್ಯಾ.

ಅಷ್ಟರಲ್ಲಿ ಹಿರೇಗುತ್ತಿಯಿಂದ ಅವಳ ಚಿಕ್ಕಮ್ಮನ ಫೋನು ಬಂತು. ನಿನ್ನೆಯ ಬಂಗುಡೆ ಸಾರನ್ನು ನಾಯಿಗೆ ಹಾಕಿದರಂತೆ. ನಾಯಿ ಪೂರಾ ತಿಂದು ಮಲಗಿದೆಯಂತೆ, ಇನ್ನೂ ಎದ್ದಿಲ್ಲವಂತೆ. ಆ ನಾಯಿ ಯಾವತ್ತೂ ಮಧ್ಯಾಹ್ನಕ್ಕೆ ಮೊದಲು ಎದ್ದದ್ದನ್ನು ಜಗದೀಶ ಕಂಡಿರಲಿಲ್ಲ.

ದುರ್ಗಿ ಒಂದು ಬಂಗುಡೆ ಎತ್ತಿ ಕಿವಿರು ಬಿಡಿಸಿ ಅವನ ಮೂಗಿನ ಹತ್ತಿರ ಹಿಡಿದಳು. "ನೋಡಿ, ಕೆಂಪಾಗೇ ಅದೆ ಅಲ್ದಾ?" ಅವಳು ಸೌಜನ್ಯಾಳ ಕಡೆ ಕೈ ತೋರಿಸಿದಳು. "ನೀವಾರೂ ಹೇಳಿ ಬಾಯೋರಿಗೆ. ಓದ್ದೋರು ನೀವು."

ಓದಿದವನು ಆಫೀಸಿಗೆ ಹೊತ್ತಾಯಿತೆಂದು ಹೇಳಿ ಚಪ್ಪಲಿ ಮೆಟ್ಟಿದ.

ಆಫೀಸಿನಲ್ಲಿ ಜಟ್ಟಿ ಕಾಯುತ್ತಿದ್ದ. ಜಟ್ಟಿ ಜವಾನ. ಆದರೆ ಆರು ವಾಟ್ಸಾಪ್ ಗುಂಪುಗಳಿಗೆ ಅಡ್ಮಿನ್ ಆಗಿದ್ದರಿಂದ ಪ್ರಾಂಶುಪಾಲರೂ ಅವನನ್ನು ಕೇಳದೆ ಯಾವ ಸುದ್ದಿಯನ್ನೂ ನಂಬುತ್ತಿರಲಿಲ್ಲ.

"ಜಗದೀಶಣ್ಣ, ಬರೆದವ ಯಾರು ಅಂತ ಹುಡುಕ್ತಾ ಇದ್ದೆ," ಎಂದು ಅವನು ಕುರ್ಚಿ ಎಳೆದುಕೊಂಡ. "ಭಾಷೆ ನೋಡಿದ್ರೆ ಗೊತ್ತಾಗ್ತದೆ. ಇವ ನಮ್ ಬದಿಯವ ಅಲ್ಲ. ಮೈಸೂರು ಬದಿ ದೊಡ್ಡ ವಿಜ್ಞಾನಿ. ವಯಸ್ಸು ಅರವತ್ತು ದಾಟಿರ್ಬೇಕು."

ನಲವತ್ತಮೂರರ ಜಗದೀಶನಿಗೆ ಇಂಥ ಹೊತ್ತಿನಲ್ಲೂ ಸ್ವಲ್ಪ ಹೆಮ್ಮೆಯಾಯಿತು. ಮುಂದಿನ ಮಾತಿಗೆ ಅದು ಹಾರಿಹೋಯಿತು.

"ಮೀನು ಮಾರೋರೆಲ್ಲ ಸಂಜೆ ಪೊಲೀಸ್ ಸ್ಟೇಷನ್ನಿಗೆ ಹೋಗ್ತ್ರಂತೆ. ಈಗ ಮೊಬೈಲ್ ಜಾಡು ಹಿಡ್ದು ಮನೆ ಬಾಗ್ಲ ತನ್ಕ ಬರೂಕಾಗ್ತದೆ. ಗೂಗಲ್ಲಿಗೆ ಎಲ್ಲಾ ಗೊತ್ತದೆ."

ಜಗದೀಶ ಎದ್ದು ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡ. ಬ್ಲಾಗ್ ತೆರೆದು ಸೋಮವಾರದ ಲೇಖನವನ್ನು ಅಳಿಸಿದ. 'ಖಂಡಿತ ಅಳಿಸಬೇಕೇ?' ಎಂದು ಮೊಬೈಲ್ ಕೇಳಿತು. ಜೀವಮಾನದಲ್ಲಿ ಯಾವ ಪ್ರಶ್ನೆಗೂ ಅವನು ಅಷ್ಟು ಬೇಗ ಹೌದೆಂದಿರಲಿಲ್ಲ.

ಹೊರಗೆ ಬಂದಾಗ ಜಟ್ಟಿಯ ಸುತ್ತ ನಾಲ್ಕು ಜನ ಸೇರಿದ್ದರು.

"ನೋಡಿ, ಆ ಸಾಲು ಹಾಕಿ ಹುಡುಕಿದೆ. ಎಲ್ಲೂ ಇಲ್ಲ," ಎಂದು ಜಟ್ಟಿ ದನಿ ತಗ್ಗಿಸಿದ. "ಅಳ್ಸಿ ಹಾಕಿದ್ರು. ಸುಳ್ಳೇ ಆಗಿದ್ರೆ ಯಾಕ್ ಅಳ್ಸ್ತಿದ್ರು? ಮೇಲಿಂದ ಒತ್ತಡ ಬಂದದೆ."

ಹತ್ತು ನಿಮಿಷದಲ್ಲಿ ಆ ಒತ್ತಡದ ಸುದ್ದಿಯೂ ಆರು ಗುಂಪುಗಳಿಗೆ ಹೋಯಿತು. ಕುಮಟೆಯ ಒಂದು ಹೋಟೆಲಿನಲ್ಲಿ ಮೀನೂಟದ ಬೋರ್ಡು ತೆಗೆದರೆಂದು ಮಧ್ಯಾಹ್ನದೊಳಗೆ ವರದಿ ಬಂತು. ಜಗದೀಶ ಪ್ರವೇಶಪತ್ರಗಳ ಮೇಲೆ ಠಸ್ಸೆ ಒತ್ತುತ್ತ ಕುಳಿತಿದ್ದ. ಮೂರು ಪತ್ರಗಳಿಗೆ ತಲೆಕೆಳಗಾಗಿ ಒತ್ತಿದ. ಕಣ್ಣೆದುರು ದುರ್ಗಿಯ ಬುಟ್ಟಿ, ಅದರಲ್ಲಿ ಕರಗುತ್ತಿರುವ ಐಸು. ಗಂಡ ಸತ್ತ ಮೇಲೆ ಆ ಬುಟ್ಟಿಯೊಂದರಿಂದಲೇ ಅವಳು ಮೂರು ಹೆಣ್ಣುಮಕ್ಕಳನ್ನು ದಡ ಹತ್ತಿಸಿದವಳು. ಇವತ್ತಿನ ಬುಟ್ಟಿ ಕೊಳೆತರೆ ನಾಳೆ ದೋಣಿಯವರು ಅವಳಿಗೆ ಮೀನು ಕೊಡುತ್ತಾರೋ ಇಲ್ಲವೋ.

ಒಂದು ಗಂಟೆಗೆ ಅರ್ಧ ದಿನದ ರಜೆ ಬರೆದುಕೊಟ್ಟು ಮೀನುಪೇಟೆಗೆ ಹೊರಟ. ಎಲ್ಲರ ಎದುರು ನಿಂತು ಹೇಳಿಬಿಡುವುದು: ಬರೆದವನು ನಾನೇ, ತಮಾಷೆಗೆ ಬರೆದದ್ದು, ತಪ್ಪಾಯಿತು. ದಾರಿಯುದ್ದಕ್ಕೂ ಈ ಮೂರು ವಾಕ್ಯಗಳನ್ನು ಬಾಯಿಪಾಠ ಮಾಡಿಕೊಂಡ. ನೋಡೋಣವೆಂದು ಜಟ್ಟಿಯೂ ಹಿಂದೆಯೇ ಬಂದ.

ಮೀನುಪೇಟೆಯಲ್ಲಿ ಕೊಳ್ಳುವವರು ಒಬ್ಬರೂ ಇರಲಿಲ್ಲ. ಮಾರುವವರು ಸಾಲಾಗಿ ಕುಳಿತು ನೊಣ ಓಡಿಸುತ್ತಿದ್ದರು. ದುರ್ಗಿ ಮೀನು ಕೊಯ್ಯುವ ಕತ್ತಿಯನ್ನು ಕಲ್ಲಿಗೆ ತಿಕ್ಕುತ್ತಿದ್ದಳು. ಕೊಯ್ಯಬೇಕಾದ ಮೀನೆಲ್ಲ ಬುಟ್ಟಿಯಲ್ಲೇ ಇತ್ತು.

"ಆ ಬರ್ದವ ಒಂದ್ ಸಲ ಕೈಗೆ ಸಿಗ್ಲಿ ನಾಯ್ಕರೆ," ಎಂದಳು, ಶಾಂತವಾಗಿ. "ಹತ್ತು ಬೆರಳೂ ಕೊಯ್ದು ಗಾಳಕ್ಕೆ ಹಾಕ್ತೆ."

ಜಗದೀಶ ಬಾಯಿಪಾಠ ಮಾಡಿದ ವಾಕ್ಯಗಳಲ್ಲಿ ಮೊದಲನೆಯದು ನಾಲಿಗೆಯ ತುದಿಯಿಂದ ಹಿಂದೆ ಸರಿಯಿತು. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಏನಾದರೂ ಹೇಳಲೇಬೇಕಿತ್ತು.

"ನಾನು ತಿಂದು ತೋರಿಸ್ತೆ," ಎಂದುಬಿಟ್ಟ.

ದುರ್ಗಿ ಕತ್ತಿ ಕೆಳಗಿಟ್ಟಳು. ಕಣ್ಣಲ್ಲಿ ನೀರು ಬಂತು. "ನೀವೊಬ್ರಾರೂ ಇದ್ರಲ್ಲ," ಎಂದು ಬುಟ್ಟಿಯಲ್ಲೇ ದೊಡ್ಡದಾದ ಬಂಗುಡೆಯನ್ನು ಆರಿಸಿ, ಕೊಯ್ದು ತೊಳೆದು, ಪಕ್ಕದ ಖಾನಾವಳಿಗೆ ಕೊಟ್ಟು ಹುರಿಸಿ ತಂದಳು. ಬಾಳೆಲೆಯ ಮೇಲೆ ಮಸಾಲೆ ಮೆತ್ತಿದ ಬಂಗುಡೆ ಹೊಗೆಯಾಡುತ್ತಿತ್ತು. ಹತ್ತಿಪ್ಪತ್ತು ಜನ ಸುತ್ತ ನೆರೆದರು, ಮೊಬೈಲುಗಳು ಮೇಲೆದ್ದವು. ಎಲ್ಲಕ್ಕಿಂತ ಹತ್ತಿರ ಜಟ್ಟಿಯದು.

"ತಿನ್ನುತ್ತಾ ಮಾತಾಡಿ ಅಣ್ಣ. ಊರಿಗೆಲ್ಲ ಕೇಳ್ಬೇಕು."

ಜಗದೀಶ ಒಂದು ತುತ್ತು ಮುರಿದು ಬಾಯಿಗಿಟ್ಟ. ರುಚಿಯಾಗಿತ್ತು. ಎರಡನೆಯ ತುತ್ತು ದೊಡ್ಡದೇ ಹಾಕಿಕೊಂಡು, ಕ್ಯಾಮೆರಾ ನೋಡಿ, "ಏನೂ ಆಗುದಿಲ್ಲ, ಎಲ್ರೂ ಧೈರ್ಯವಾಗಿ" ಎನ್ನುವಷ್ಟರಲ್ಲಿ ಮಾತು ನಿಂತಿತು.

ಮುಳ್ಳು ಗಂಟಲಿನಲ್ಲಿ ಅಡ್ಡ ನಿಂತಿತ್ತು.

ಅವನು ಕೆಮ್ಮಿದ. ಮುಖ ಕೆಂಪಾಯಿತು, ಕಣ್ಣು ಹೊರಗೆ ಬಂತು. ಎರಡೂ ಕೈಯಿಂದ ಗಂಟಲು ಹಿಡಿದುಕೊಂಡು ಒಂದು ಸುತ್ತು ತಿರುಗಿ ಮೀನಿನ ಬುಟ್ಟಿಗಳ ಮೇಲೆ ಬಿದ್ದ. ಯಾರೋ ಬೆನ್ನಿಗೆ ಗುದ್ದಿದರು, ಯಾರೋ ಬಾಳೆಹಣ್ಣು ತುರುಕಿದರು, ಯಾರೋ ತಲೆಗೆ ಐಸು ನೀರು ಸುರಿದರು. ಜಟ್ಟಿ ಕೈ ನಡುಗಿಸದೆ ಎಲ್ಲವನ್ನೂ ಚಿತ್ರೀಕರಿಸಿದ. ರಿಕ್ಷಾ ಆಸ್ಪತ್ರೆಯ ಬಾಗಿಲು ಮುಟ್ಟುವ ಮೊದಲೇ ಆ ವಿಡಿಯೋ ಭಟ್ಕಳ ಮುಟ್ಟಿತ್ತು. ಮೇಲೆ ಒಂದೇ ಸಾಲು: 'ಬಂಗುಡೆ ತಿಂದವರ ಗತಿ ನೋಡಿ.'

ಡಾಕ್ಟರು ಇಕ್ಕಳ ಹಾಕಿ ಅರ್ಧ ಇಂಚಿನ ಮುಳ್ಳನ್ನು ತೆಗೆದರು. ಗಂಟಲು ಗೀರಿಹೋಗಿದೆ, ಎರಡು ದಿನ ಒಂದು ಮಾತೂ ಆಡಕೂಡದು ಎಂದರು. ಬಾಗಿಲಲ್ಲಿ ನಿಂತವರಿಗೆ, "ಬರೀ ಮುಳ್ಳು. ವಿಷ ಗಿಷ ಏನೂ ಇಲ್ಲ," ಎಂದು ಬಿಡಿಸಿಯೇ ಹೇಳಿದರು.

"ಡಾಕ್ಟ್ರಿಗೂ ಮೇಲಿಂದ ಹೇಳಿದ್ರು ಕಾಣ್ತದೆ," ಎಂದು ಜಟ್ಟಿ ಪಕ್ಕದವರ ಕಿವಿಯಲ್ಲಿ ಉಸುರಿದ.

ಸೌಜನ್ಯಾ ಓಡಿ ಬಂದು ಮಂಚದ ತುದಿಯಲ್ಲಿ ಕುಳಿತು ಗಂಡನ ಕಾಲು ಹಿಡಿದುಕೊಂಡಳು. ನಾಲ್ಕು ಗಂಟೆಗೆ ದುರ್ಗಿ ಎಳನೀರು ಹಿಡಿದು ಬಂದಳು. ಬುಟ್ಟಿ ಇರಲಿಲ್ಲ. ಮೀನೆಲ್ಲವನ್ನೂ ಹೊಳೆಗೆ ಚೆಲ್ಲಿ ಬಂದಿದ್ದಳು. ಗೋಡೆಗೆ ಒರಗಿ ನೆಲದ ಮೇಲೆ ಕುಳಿತ ಅವಳನ್ನು ನೋಡಿ ಜಗದೀಶನಿಗೆ ತಡೆಯಲಾಗಲಿಲ್ಲ. ಬೆರಳು ಹೋದರೆ ಹೋಗಲಿ ಎಂದುಕೊಂಡು ಮೊಬೈಲ್ ತೆಗೆದ. ಬ್ಲಾಗಿನಲ್ಲಿ ಮೊದಲ ಸಲ ತನ್ನ ಸ್ವಂತ ಹೆಸರು ಹಾಕಿ ಬರೆದ:

'ಬಂಗುಡೆಯಲ್ಲಿ ವಿಷವಿದೆ ಎಂದು ಬರೆದವನು ನಾನೇ, ಜಗದೀಶ ನಾಯ್ಕ. ಅದು ಉದಾಹರಣೆಗೆ ಹುಟ್ಟಿಸಿದ ಸುಳ್ಳು. ನನ್ನ ಗಂಟಲಿಗೆ ಸಿಕ್ಕಿದ್ದು ಮುಳ್ಳು. ಎಲ್ಲರೂ ನನ್ನನ್ನು ಕ್ಷಮಿಸಬೇಕು.'

ಪ್ರಕಟಿಸಿ, ಮೊಬೈಲನ್ನು ಜಟ್ಟಿಯ ಕೈಗೆ ಕೊಟ್ಟು, ಓದು ಎಂದು ಸನ್ನೆ ಮಾಡಿದ. ಜಟ್ಟಿ ಗಟ್ಟಿಯಾಗಿ ಓದಿದ. ದುರ್ಗಿ ನೆಲದಿಂದ ಎದ್ದು ಮಂಚದ ಕಡೆ ಬಂದಳು. ಜಗದೀಶ ಕಣ್ಣು ಮುಚ್ಚಿ, ಹತ್ತು ಬೆರಳನ್ನೂ ಹೊದಿಕೆಯೊಳಗೆ ಎಳೆದುಕೊಂಡ.

ಹಣೆಯ ಮೇಲೆ ತಣ್ಣನೆಯ ಅಂಗೈಯೊಂದು ಕುಳಿತಿತು.

"ಬಾಯೋರೆ," ಎಂದಳು ದುರ್ಗಿ, ಸೌಜನ್ಯಾಳ ಕಡೆ ತಿರುಗಿ. "ವಿಷ ತಲೆಗೆ ಏರ್ಬಿಟ್ಟದೆ."

ಸೌಜನ್ಯಾ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. "ಸಮುದ್ರದ ಮೇಲೆ ಕವನ ಬರ್ಕಂಡು ಇದ್ದೋರು. ವಿಷದ ಸುದ್ದಿ ಇವ್ರಿಗೆಂತ ಗೊತ್ತು? ಮಾಡದ್ದನ್ನೆಲ್ಲ ಮಾಡ್ದೆ ಅಂತ ಬರೀತಾ ಇದ್ರು."

ಜಗದೀಶ ಇಲ್ಲ ಇಲ್ಲವೆಂದು ಜೋರಾಗಿ ತಲೆಯಾಡಿಸಿದ.

"ತಲೆ ನಡುಗ್ತಾ ಅದೆ, ಹಿಡ್ಕಳಿ," ಎಂದ ಜಟ್ಟಿ. ಇಬ್ಬರು ಬಂದು ಹಿಡಿದುಕೊಂಡರು. ಜಗದೀಶ ಕೈ ಬಿಡಿಸಿಕೊಂಡು, ತನ್ನ ಮೊಬೈಲನ್ನು ಜಟ್ಟಿಯಿಂದ ಕಿತ್ತುಕೊಂಡು ಸೋಮವಾರದ ಲೇಖನ ತೋರಿಸಲು ಹೋದ. 'ಈ ಪುಟ ಲಭ್ಯವಿಲ್ಲ' ಎಂದು ಬಂತು. ಜಟ್ಟಿ ಅದನ್ನು ಬಗ್ಗಿ ನೋಡಿ, ಇಲ್ಲದ ಪುಟವನ್ನೂ ಕಾಣುತ್ತಿದ್ದಾರೆ ಎಂದು ತನ್ನ ಆರು ಗುಂಪುಗಳಿಗೆ ಬೆರಳಾಡಿಸುತ್ತ ಹೊರಗೆ ಹೋದ.

ದುರ್ಗಿ ಎರಡೂ ಕೈ ಜೋಡಿಸಿ ಜಗದೀಶನ ಎದುರು ನಿಂತಳು.

"ತಪ್ಪಾತು ನಾಯ್ಕರೆ. ಬೆಳಗಿಂದ ನನ್ ಮೀನು ಒಳ್ಳೇದು ಅಂತ ಊರ್ ಮೇಲೆಲ್ಲ ಜಗಳ ಮಾಡ್ದೆ. ನಂಗೆ ಗೊತ್ತಿರ್ಲಿಲ್ಲ. ನನ್ ಕೈಯಾರೆ ನಿಮ್ಗೆ ಕೊಟ್ಟೆ." ಅವಳು ಮೂಗು ಒರೆಸಿಕೊಂಡಳು. "ಆ ಬರ್ದವ ಯಾರೇ ಇರ್ಲಿ, ಪುಣ್ಯಾತ್ಮ. ಅವ ಹೇಳ್ದೆ ಇದ್ರೆ ಇವತ್ತು ಎಷ್ಟ್ ಮನೆ ಹಾಳಾಗ್ತಿತ್ತು. ದೇವ್ರು ಅವಂಗೆ ಇನ್ನೂ ಬರೆಯೋ ಶಕ್ತಿ ಕೊಡ್ಲಿ."

ಜಗದೀಶ ಬಾಯಿ ತೆರೆದ. ಧ್ವನಿ ಬರಲಿಲ್ಲ. ಮತ್ತೆ ಬರೆಯಲೆಂದು ಬೆರಳು ಎತ್ತಿದಾಗ ಸೌಜನ್ಯಾ ಅವನ ಕೈಯಿಂದ ಮೊಬೈಲನ್ನು ಮೆಲ್ಲಗೆ ಬಿಡಿಸಿಕೊಂಡು ಆಫ್ ಮಾಡಿದಳು.